ಉಪಗ್ರಹ ರಾಡಾರ್ ನೆರೆ ನಕ್ಷೆ: ನೀಲಿ ಬಣ್ಣ ಇಲ್ಲ ಅಂದ್ರೆ ನೀರು ಬಂದಿಲ್ಲ ಅಂತಲ್ಲ

ಮಳೆಗಾಲದಲ್ಲಿ ಕರಾವಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೊಳೆ ಉಕ್ಕಿದ ವಿಡಿಯೋಗಳ ಜೊತೆ ಈಗೀಗ ಇನ್ನೊಂದು ಬಗೆಯ ಚಿತ್ರವೂ ಓಡಾಡುವುದುಂಟು. ಬೂದು ಬಣ್ಣದ ಹಿನ್ನೆಲೆ, ನಡುವೆ ಅಲ್ಲಲ್ಲಿ ನೀಲಿ ತೇಪೆ, ಮೂಲೆಯಲ್ಲಿ ಯಾವುದೋ ಉಪಗ್ರಹದ ಹೆಸರು. ನೀಲಿ ಇದ್ದಲ್ಲಿ ನೆರೆ ಅಂತ ಲೆಕ್ಕ. ಚಿತ್ರ ಕೈಗೆ ಸಿಕ್ಕಿದವರು ಮೊದಲು ಹುಡುಕುವುದು ತಮ್ಮ ಮನೆ, ತಮ್ಮ ಗದ್ದೆ, ತಮ್ಮ ಅಂಗಡಿ. ಅಲ್ಲಿ ನೀಲಿ ಕಾಣದೇ ಹೋದರೆ ಮಾತು ಎರಡು ಕಡೆ ಹೋಗುತ್ತದೆ. ‘ಈ ನಕ್ಷೆನೇ ಸುಳ್ಳು’ ಅನ್ನುವವರು ಒಂದು ಕಡೆ, ‘ನಿಮ್ಮಲ್ಲಿ ನೀರೇ ಬಂದಿಲ್ಲ, ಉಪಗ್ರಹನೇ ಹೇಳ್ತಾ ಇದೆಯಲ್ಲ’ ಅನ್ನುವವರು ಇನ್ನೊಂದು ಕಡೆ.

ಎರಡೂ ಸರಿಯಲ್ಲ. ಈ ನಕ್ಷೆ ಸುಳ್ಳಲ್ಲ, ಆದರೆ ಅದು ಎಲ್ಲವನ್ನೂ ನೋಡುವುದಿಲ್ಲ. ಯಾವುದನ್ನು ನೋಡುತ್ತದೆ, ಯಾವುದನ್ನು ನೋಡಲಾರದು ಅನ್ನುವುದು ಗೊತ್ತಿದ್ದರೆ ಕಾರವಾರದಿಂದ ಭಟ್ಕಳದವರೆಗಿನ ಐದು ತಾಲೂಕಿನವರಿಗೂ ಅದು ಕೆಲಸಕ್ಕೆ ಬರುವ ವಸ್ತು.

ಮೋಡ ಇದ್ದಾಗ ಕಣ್ಣು ಕಾಣದು

ಸಾಮಾನ್ಯ ಉಪಗ್ರಹ ಚಿತ್ರ ಅಂದರೆ ಆಕಾಶದಿಂದ ತೆಗೆದ ಫೋಟೋ. ಬಿಸಿಲು ನೆಲಕ್ಕೆ ಬಿದ್ದು ಮರಳಿದ ಬೆಳಕನ್ನು ಕ್ಯಾಮೆರಾ ಹಿಡಿಯುತ್ತದೆ. ಜನವರಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜುಲೈನಲ್ಲಿ ನಮ್ಮ ಕರಾವಳಿಯ ಮೇಲೆ ತೆಗೆದ ಚಿತ್ರದಲ್ಲಿ ಕಾಣುವುದು ಬಿಳಿ ಮೋಡ ಮಾತ್ರ. ನೆರೆ ಬರುವುದೇ ಮೋಡ ಕವಿದಾಗ, ಹಾಗಾಗಿ ಬೇಕಾದ ದಿನವೇ ಕ್ಯಾಮೆರಾ ಕುರುಡು.

ರಾಡಾರ್ ಉಪಗ್ರಹ ಬಿಸಿಲಿಗೆ ಕಾಯುವುದಿಲ್ಲ. ತಾನೇ ಮೈಕ್ರೋವೇವ್ ಅಲೆಗಳನ್ನು ನೆಲದತ್ತ ಕಳಿಸಿ, ತಿರುಗಿ ಬಂದದ್ದನ್ನು ಅಳೆಯುತ್ತದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹ ಬಳಸುವ ಅಲೆಯ ಉದ್ದ ಸುಮಾರು 5.6 ಸೆಂಟಿಮೀಟರ್. ಮೋಡದ ಹನಿಗಳು ಅದರ ಮುಂದೆ ತೀರಾ ಸಣ್ಣವು, ಅಲೆ ಅವನ್ನು ದಾಟಿ ಬರುತ್ತದೆ. ರಾತ್ರಿ ಹಗಲು ಭೇದವಿಲ್ಲ, ಮಳೆ ಸುರಿಯುತ್ತಿದ್ದರೂ ಚಿತ್ರ ಸಿಗುತ್ತದೆ. ಈ ಒಂದು ಗುಣಕ್ಕೇ ನೆರೆ ನಕ್ಷೆಗೆ ರಾಡಾರ್ ಬೇಕು.

ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ಗಂಗಾವಳಿ ದಂಡೆಯಲ್ಲಿ ಕೇಳಿಬಂದ ‘ರಾಡಾರ್’ ಬೇರೆ. ಅದು ಮಣ್ಣಿನೊಳಗೆ ಹೂತದ್ದನ್ನು ಹತ್ತಿರದಿಂದ ಹುಡುಕುವ ಯಂತ್ರ. ಇಲ್ಲಿ ಹೇಳುತ್ತಿರುವುದು ಸುಮಾರು 700 ಕಿಲೋಮೀಟರ್ ಎತ್ತರದಿಂದ ಇಡೀ ಜಿಲ್ಲೆಯನ್ನು ನೋಡುವ ರಾಡಾರ್.

ನೀರು ಯಾಕೆ ಕಪ್ಪಾಗಿ ಕಾಣುತ್ತದೆ?

ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಣ ಡಾಂಬರಿನ ಮೇಲೆ ಹೆಡ್‌ಲೈಟ್ ಬಿದ್ದರೆ ರಸ್ತೆ ಕಾಣುತ್ತದೆ. ನೀರು ನಿಂತ ರಸ್ತೆಯ ಮೇಲೆ ಬಿದ್ದರೆ ಬೆಳಕು ಮುಂದಕ್ಕೆ ಜಾರಿ ಹೋಗುತ್ತದೆ, ಎದುರು ಬರುವವನ ಕಣ್ಣು ಕುಕ್ಕುತ್ತದೆ, ಓಡಿಸುವವನಿಗೆ ಮಾತ್ರ ರಸ್ತೆ ಕಪ್ಪು. ರಾಡಾರ್‌ದೂ ಇದೇ ಕತೆ. ಅದು ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ನಿಂತ ನೀರಿಗೆ ಬಿದ್ದ ಅಲೆ ಆಚೆ ಕಡೆಗೆ ಚಿಮ್ಮಿ ಹೋಗುತ್ತದೆ, ಉಪಗ್ರಹಕ್ಕೆ ಏನೂ ಮರಳುವುದಿಲ್ಲ. ಚಿತ್ರದಲ್ಲಿ ಅಲ್ಲಿ ಕಪ್ಪು. ಹುಲ್ಲು, ಬೆಳೆ, ಕಲ್ಲು, ಮಣ್ಣಿನ ಹೆಂಟೆ ಇದ್ದಲ್ಲಿ ಅಲೆ ಚೆದುರಿ ಸ್ವಲ್ಪವಾದರೂ ಹಿಂದೆ ಬರುತ್ತದೆ, ಅಲ್ಲಿ ಬೂದು. ಕಟ್ಟಡಗಳಿದ್ದಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಹೀಗಾಗಿ ನಕ್ಷೆ ಮಾಡುವ ಕ್ರಮ ಕೇಳಲಿಕ್ಕೆ ಸುಲಭ. ನೆರೆಗೆ ಮೊದಲಿನ ಒಂದು ಚಿತ್ರ, ನೆರೆಯ ಹೊತ್ತಿನ ಒಂದು ಚಿತ್ರ. ಮೊದಲು ಬೂದು ಇದ್ದು ಈಗ ಕಪ್ಪಾದ ಜಾಗವೆಲ್ಲ ಹೊಸ ನೀರು. ಹೊಳೆ, ಕೆರೆ, ಸಮುದ್ರ ಮುಂಚೆಯೂ ಕಪ್ಪೇ ಇದ್ದವು, ಅವನ್ನು ತೆಗೆದುಹಾಕಿದರೆ ಉಳಿದದ್ದು ನೆರೆ. ಅದಕ್ಕೆ ನೀಲಿ ಬಣ್ಣ ಹಚ್ಚಿ ಊರಿನ ನಕ್ಷೆಯ ಮೇಲೆ ಕೂರಿಸಿದರೆ ವಾಟ್ಸ್‌ಆ್ಯಪ್‌ಗೆ ಬರುವ ಚಿತ್ರ ತಯಾರು.

ಈ ಕ್ರಮ ದೊಡ್ಡದಾಗಿ ಗೆದ್ದ ಒಂದು ಪ್ರಸಂಗ ಹಿಂದೂ ಮಹಾಸಾಗರದ ಆಚೆ ದಡದ ಮೊಜಾಂಬಿಕ್‌ನದು. 2019ರ ಮಾರ್ಚ್ 14ರ ರಾತ್ರಿ ‘ಇಡಾಯ್’ ಚಂಡಮಾರುತ ಬೈರಾ ಬಂದರಿನ ಬಳಿ ದಡ ಹೊಕ್ಕಿತು. ಬುಜಿ ಮತ್ತು ಪುಂಗ್ವೆ ನದಿಗಳು ಉಕ್ಕಿ ಒಳನಾಡಿನ ಬಯಲಿನಲ್ಲಿ ಒಂದು ಹೊಸ ಸಮುದ್ರವೇ ನಿಂತಿತು. ರಸ್ತೆ ಹೋಗಿತ್ತು, ಫೋನ್ ಹೋಗಿತ್ತು, ಮೇಲೆ ಮೋಡ. ಎಲ್ಲಿಯವರೆಗೆ ನೀರು ಹಬ್ಬಿದೆ ಅಂತ ತೋರಿಸಿದ್ದು ಸೆಂಟಿನೆಲ್-1ರ ರಾಡಾರ್ ಚಿತ್ರಗಳು. ದೋಣಿ, ಹೆಲಿಕಾಪ್ಟರ್ ಕಳಿಸಬೇಕಾದವರಿಗೆ ಅದು ಬಹಳ ದೊಡ್ಡ ನೆರವು. ಪಕ್ಕದ ಕೇರಳದಲ್ಲಿ 2018ರ ಆಗಸ್ಟ್‌ನ ಮಹಾ ನೆರೆಯ ವ್ಯಾಪ್ತಿಯನ್ನೂ ರಾಡಾರ್ ಚಿತ್ರಗಳಿಂದ ಗುರುತಿಸಿದರು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನಲ್ಲಿ ನೀರು ದಿನಗಟ್ಟಲೆ ಇಳಿಯಲಿಲ್ಲ.

ಈ ಎರಡು ಕಡೆಯೂ ನೀರು ವಿಶಾಲ ಬಯಲಿನಲ್ಲಿ ನಿಂತಿತು, ಬಹಳ ದಿನ ನಿಂತಿತು. ಉತ್ತರ ಕನ್ನಡದಲ್ಲಿ ಆ ಎರಡೂ ಅಪರೂಪ.

ನೀರು ಇಳಿದ ಮೇಲೆ ಬರುವ ಉಪಗ್ರಹ

ಒಂದು ಸೆಂಟಿನೆಲ್-1 ಉಪಗ್ರಹ ಹಾದುಹೋದ ದಾರಿಗೇ ಮರಳಲು 12 ದಿನ ಬೇಕು. ಜೋಡಿ ಇದ್ದರೆ 6 ದಿನಕ್ಕೊಮ್ಮೆ. ಹಾದುಹೋಗುವುದು ಬೆಳಿಗ್ಗೆ 6ರ ಅಥವಾ ಸಂಜೆ 6ರ ಆಸುಪಾಸು. ಒಂದೇ ಸಾಲಿನಲ್ಲಿ 250 ಕಿಲೋಮೀಟರ್ ಅಗಲ ನೋಡುತ್ತದೆ, ಕಡಲಂಚಿನಿಂದ ಘಟ್ಟದ ಮೇಲಿನ ಬಯಲುಸೀಮೆವರೆಗೆ ಒಂದೇ ಚಿತ್ರದಲ್ಲಿ ಬಂದುಬಿಡುತ್ತದೆ. ಅಗಲಕ್ಕೆ ಕೊರತೆಯಿಲ್ಲ, ಕೊರತೆ ಇರೋದು ಹೊತ್ತಿಗೆ.

ಘಟ್ಟ ಮತ್ತು ಕಡಲಿನ ನಡುವೆ ನಮ್ಮ ಹೊಳೆಗಳಿಗೆ ಓಡಲು ಇರುವ ಜಾಗ ಕಡಿಮೆ. ರಾತ್ರಿ ಮೇಲೆ ಮಳೆ ಸುರಿದರೆ ಬೆಳಿಗ್ಗೆ ಅಂಗಳದಲ್ಲಿ ನೀರು. ಮಳೆ ಬಿಟ್ಟು, ಸಮುದ್ರ ಇಳಿತಕ್ಕೆ ಬಂದರೆ ಸಂಜೆಯೊಳಗೆ ಕೆಸರು ಮಾತ್ರ ಉಳಿಯುವುದೂ ಇದೆ. ಅಸ್ಸಾಂ, ಬಿಹಾರದಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಅದಕ್ಕೇ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಹಲವು ವರ್ಷಗಳ ಉಪಗ್ರಹ ಚಿತ್ರ ಕೂಡಿಸಿ ಆ ರಾಜ್ಯಗಳ ನೆರೆ ಅಪಾಯದ ಅಟ್ಲಾಸ್ ಮಾಡಲು ಸಾಧ್ಯವಾಯಿತು. ಅದೇ ಲೆಕ್ಕ ಇಲ್ಲಿಗೆ ಹಾಕಿದರೆ ಸಿಗುವುದು ಪೂರ್ತಿ ಕತೆಯಲ್ಲ, ಉಪಗ್ರಹ ಬಂದ ಹೊತ್ತಿಗೆ ಉಳಿದಿದ್ದ ನೀರಿನ ಕತೆ.

ಭಟ್ಕಳದವರು ಮರೆಯದ ದಿನ 2022ರ ಆಗಸ್ಟ್ 2. ಹಿಂದಿನ ರಾತ್ರಿ ಸುರಿದ ಮಳೆಗೆ ಪೇಟೆಗೆ ನೀರು ನುಗ್ಗಿತು, ಅಂಗಡಿಗಳ ಸಾಮಾನು ಹಾಳಾಯಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಹೋದರು. ಆ ವರ್ಷ ಸೆಂಟಿನೆಲ್ ಜೋಡಿಯಲ್ಲಿ ಒಂದೇ ಕೆಲಸ ಮಾಡುತ್ತಿತ್ತು. ಎರಡನೆಯದಾದ ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ನಿಂತುಹೋಗಿತ್ತು. ಅದರ ಜಾಗಕ್ಕೆ ಸೆಂಟಿನೆಲ್-1ಸಿ ಹಾರಿದ್ದು 2024ರ ಡಿಸೆಂಬರ್ 5ರಂದು. ಕೆಲವೇ ತಾಸಿನ ನೆರೆಗೆ 12 ದಿನಕ್ಕೊಮ್ಮೆ ಬರುವ ಉಪಗ್ರಹ ಸಿಕ್ಕಿದರೆ ಅದೃಷ್ಟ, ಅಷ್ಟೇ.

ಹೊಳೆ ನೆರೆಯ ವಿಚಾರ ಸ್ವಲ್ಪ ಬೇರೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಗಂಗಾವಳಿ ಉಕ್ಕಿತು, ಕದ್ರಾ ಜಲಾಶಯದಿಂದ ಬಿಟ್ಟ ನೀರು ಕಾಳಿ ದಂಡೆಯ ಊರುಗಳಿಗೆ ನುಗ್ಗಿತು. 2021ರಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಇಂತಹ ನೆರೆ ಒಂದೆರಡು ದಿನ ನಿಲ್ಲುವುದರಿಂದ ರಾಡಾರ್ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಕಪ್ಪು ಕಂಡದ್ದೆಲ್ಲ ನೆರೆಯಲ್ಲ

ಇನ್ನು ಮುಖ್ಯ ವಿಷಯ. ಕರಾವಳಿಯಲ್ಲಿ ನೀರು ನಿಂತ ಜಾಗವೆಲ್ಲ ನೆರೆಯ ಜಾಗವಲ್ಲ.

ಅಘನಾಶಿನಿ ಅಳಿವೆಯ ಗಜನಿ ಭೂಮಿಯನ್ನೇ ತೆಗೆದುಕೊಳ್ಳಿ. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಮುತ್ತ ಒಡ್ಡು ಕಟ್ಟಿ, ಬಾಗಿಲಿಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಆದ ಮೇಲೆ ಅದೇ ಜಾಗಕ್ಕೆ ಭರತದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಉಪ್ಪು ನೀರಿಗೂ, ಕೆಲವು ದಿನದ ಮುಳುಗಡೆಗೂ ಹೆದರದ ತಳಿ ಕಗ್ಗ. ಅಲ್ಲಿ ನೀರು ಇರುವುದು ರೂಢಿ, ಅದರ ಮೇಲೇ ಬದುಕು ನಡೆಯುತ್ತಿದೆ. ಗೋಕರ್ಣದ ಬಳಿ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲೂ ಮಳೆಗಾಲದಲ್ಲಿ ಮಳೆನೀರು ತುಂಬಿರುತ್ತದೆ. ರಾಡಾರ್‌ಗೆ ಇವೆಲ್ಲ ಕಪ್ಪು. ಬೇಸಿಗೆಯ ಚಿತ್ರದ ಜೊತೆ ಹೋಲಿಸಿ ಅವಸರದಲ್ಲಿ ನಕ್ಷೆ ಮಾಡಿದವರಿಗೆ ಇಡೀ ಅಳಿವೆಯೇ ನೆರೆಪೀಡಿತ ಅನಿಸಬಹುದು. 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಯಲ್ಲಿ ಹೆಸರು ಬಂದ ಜೌಗುಭೂಮಿ ಇದು. ಇಲ್ಲಿನ ನೀರನ್ನೆಲ್ಲ ವಿಕೋಪದ ಲೆಕ್ಕಕ್ಕೆ ಬರೆದರೆ ಮೀನು ಹಿಡಿಯುವವರಿಗೂ ಬೆಳೆಯುವವರಿಗೂ ಅನ್ಯಾಯ.

ಉಲ್ಟಾ ಪೆಟ್ಟೂ ಇದೆ. ಒಡ್ಡು ಒಡೆದು ಉಪ್ಪು ನೀರು ಪಕ್ಕದ ಸಿಹಿನೀರಿನ ಗದ್ದೆಗೆ ನುಗ್ಗಿತು ಅನ್ನಿ. ರೈತನಿಗೆ ಅದೇ ದೊಡ್ಡ ನಷ್ಟ, ಮಳೆ ನೀರಿನಷ್ಟು ಸುಲಭವಾಗಿ ಹೋಗದು. ಆದರೆ ಇದು ಉಪ್ಪು ನೀರು, ಇದು ಮಳೆ ನೀರು ಅಂತ ಈ ಚಿತ್ರ ಬೇರೆ ಮಾಡಿ ತೋರಿಸುವುದಿಲ್ಲ. ಎರಡೂ ಒಂದೇ ಕಪ್ಪು.

ಸಾದಾ ಗದ್ದೆಯದೂ ಇದೇ ಗೋಳು. ಜೂನ್-ಜುಲೈನಲ್ಲಿ ನಾಟಿಗೆ ನೀರು ಕಟ್ಟಿದ ಗದ್ದೆ ರಾಡಾರ್‌ನಲ್ಲಿ ಕೆರೆಯ ಹಾಗೇ ಕಾಣುತ್ತದೆ, ಸಸಿ ಮೇಲೆದ್ದ ಹಾಗೆ ಕೆಲವು ವಾರಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಭತ್ತ ಎಷ್ಟು ಪ್ರದೇಶದಲ್ಲಿ ನಾಟಿಯಾಗಿದೆ ಅಂತ ಉಪಗ್ರಹದಿಂದ ಲೆಕ್ಕ ಹಾಕುವವರಿಗೆ ಈ ಗುಣವೇ ಆಧಾರ, ನೆರೆ ಲೆಕ್ಕ ಹಾಕುವವರಿಗೆ ಅದೇ ತಲೆನೋವು.

ಇನ್ನೊಂದು ಭರತ-ಇಳಿತ. ಉಪಗ್ರಹ ಬರುವುದು ಯಾವಾಗಲೂ ಒಂದೇ ಗಡಿಯಾರದ ಹೊತ್ತಿಗೆ, ಸಮುದ್ರ ಏರುವುದು ಚಂದ್ರನ ಲೆಕ್ಕಕ್ಕೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, 12 ದಿನದಲ್ಲಿ ಸುಮಾರು 10 ತಾಸು. ಹಾಗಾಗಿ ಹಿಂದಿನ ಚಿತ್ರ ಇಳಿತದ್ದು, ಈಗಿನದು ಭರತದ್ದು ಆಗಿಬಿಡಬಹುದು. ಅಳಿವೆಯ ಕೆಸರು ದಿಬ್ಬ, ಕಾಂಡ್ಲಾ ಗಿಡಗಳ ಅಂಚು ಎಲ್ಲ ‘ಹೊಸದಾಗಿ ಮುಳುಗಿದ ಪ್ರದೇಶ’ ಅಂತ ನಕ್ಷೆಗೆ ಬರುತ್ತದೆ. ಹೊಳೆಬದಿಯ ಯಾವ ಮೀನುಗಾರನನ್ನು ಕೇಳಿದರೂ ‘ಅದು ದಿನಾ ಮುಳುಗೋದೇ’ ಅಂತ ನಗುತ್ತಾನೆ. ತಿಳಿದವರು ಮಾಡುವುದೇನೆಂದರೆ, ಹಳೆಯ ಚಿತ್ರ ಆರಿಸುವಾಗ ಅದೇ ಭರತದ ಮಟ್ಟ ಇದ್ದ ದಿನವನ್ನು, ಅದೂ ಮಳೆಗಾಲದ ದಿನವನ್ನೇ ಆರಿಸುತ್ತಾರೆ.

ಘಟ್ಟದ ಅಡಿಯ ಊರುಗಳಿಗೆ ಮತ್ತೊಂದು ಎಚ್ಚರಿಕೆ. ಓರೆಯಾಗಿ ನೋಡುವುದರಿಂದ ಉಪಗ್ರಹಕ್ಕೆ ಬೆನ್ನು ಹಾಕಿದ ಕಡಿದಾದ ಗುಡ್ಡದ ಮಗ್ಗುಲು ನೆರಳಿನಂತೆ ಕಪ್ಪಾಗುತ್ತದೆ. ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ ಅಂತ ನಮಗೆ ಗೊತ್ತು, ಯಂತ್ರಕ್ಕೆ ಎತ್ತರದ ನಕ್ಷೆ ಕೊಟ್ಟು ಹೇಳಿಕೊಡಬೇಕು.

ಬೆಳ್ಳಗೆ ಕಂಡದ್ದೆಲ್ಲ ಒಣ ನೆಲವೂ ಅಲ್ಲ

ಅಂಗಡಿಕಾರರಿಗೆ ತಟ್ಟುವ ವಿಷಯ ಇದು.

ಕೇರಂ ಬೋರ್ಡಿನಲ್ಲಿ ಮೂಲೆಯ ಎರಡು ಪಟ್ಟಿಗೆ ಒಂದರ ಮೇಲೊಂದು ತಾಗಿದ ಸ್ಟ್ರೈಕರ್ ಹೊಡೆದವನ ಕಡೆಗೇ ಮರಳಿ ಬರುತ್ತದೆ. ರಾಡಾರ್ ಅಲೆ ರಸ್ತೆಗೆ ಬಿದ್ದು, ಗೋಡೆಗೆ ತಾಗಿ, ಹಾಗೇ ಉಪಗ್ರಹಕ್ಕೆ ಮರಳುತ್ತದೆ. ಪೇಟೆ ಬೆಳ್ಳಗೆ ಹೊಳೆಯುವುದು ಇದೇ ಕಾರಣಕ್ಕೆ. ಈಗ ರಸ್ತೆಯಲ್ಲಿ ಎರಡಡಿ ನೀರು ನಿಂತಿದೆ ಅನ್ನಿ. ನೀರು ಕನ್ನಡಿಯ ಹಾಗೆ ಅಲೆಯನ್ನು ಗೋಡೆಗೆ ಇನ್ನೂ ಚೆನ್ನಾಗಿ ತಳ್ಳುತ್ತದೆ. ಜಾಗ ಕಪ್ಪಾಗುವ ಬದಲು ಇದ್ದಂತೇ ಬೆಳ್ಳಗಿರುತ್ತದೆ, ಕೆಲವೊಮ್ಮೆ ಇನ್ನಷ್ಟು ಬೆಳಗುತ್ತದೆ. ‘ಕಪ್ಪಾದರೆ ನೆರೆ’ ಅನ್ನುವ ಲೆಕ್ಕದ ಯಂತ್ರ ಅದನ್ನು ಒಣ ನೆಲ ಅಂತ ಬರೆದುಕೊಳ್ಳುತ್ತದೆ.

ಅಳತೆಯೂ ನೋಡಿ. ಸೆಂಟಿನೆಲ್-1 ಚಿತ್ರದ ಒಂದು ಚೌಕ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್, ಅಂದರೆ 1,076 ಚದರಡಿ. ಹತ್ತಡಿ-ಹನ್ನೆರಡಡಿಯ ಎಂಟೊಂಬತ್ತು ಅಂಗಡಿಗಳು ಒಂದೇ ಚೌಕದೊಳಗೆ ಮುಗಿದವು. ನಿಜವಾದ ಸ್ಪಷ್ಟತೆ ಅದಕ್ಕಿಂತಲೂ ಕಡಿಮೆ, ಸುಮಾರು 20 ಮೀಟರ್. ಮೇಲಿಂದ ರಾಡಾರ್ ಚಿತ್ರದಲ್ಲಿ ಸಾಸಿವೆ ಎರಚಿದ ಹಾಗೆ ಚುಕ್ಕೆಗಳಿರುತ್ತವೆ. ಅವನ್ನು ತಿದ್ದಲು ಅಕ್ಕಪಕ್ಕದ ಚೌಕಗಳನ್ನು ಸೇರಿಸಿ ಸರಾಸರಿ ಮಾಡುತ್ತಾರೆ. ಆ ಸರಾಸರಿಯಲ್ಲಿ ಒಂದು ಓಣಿಯ ನೀರು, ಒಂದು ಸಂತೆ ಕಟ್ಟೆಯ ನೀರು ಕಾಣೆಯಾಗುತ್ತದೆ.

ಸಂಶೋಧಕರು ಸುಮ್ಮನೆ ಕೂತಿಲ್ಲ. ಒಂದೇ ಜಾಗದಿಂದ ಮರಳುವ ಅಲೆಯ ಲಯ ಎರಡು ಚಿತ್ರಗಳ ನಡುವೆ ಎಷ್ಟು ಹೊಂದುತ್ತದೆ ಅಂತ ನೋಡಿ, ಹೊಂದಿಕೆ ತಪ್ಪಿದ ಕಟ್ಟಡ ಪ್ರದೇಶವನ್ನು ನೆರೆ ಅಂತ ಗುರುತಿಸುವ ವಿಧಾನವಿದೆ. 2017ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರ ‘ಹಾರ್ವಿ’ ಚಂಡಮಾರುತಕ್ಕೆ ಮುಳುಗಿದಾಗಿನ ಚಿತ್ರಗಳ ಮೇಲೆ ಇದನ್ನು ಪರೀಕ್ಷಿಸಿದರು. ಅದು ಅಗಲ ಬೀದಿಗಳ ಊರು. ಮನೆಗೊಂದು ತೆಂಗು, ಮಾವು, ಹಲಸು ಇರುವ ಪೇಟೆಯಲ್ಲಿ ಗಾಳಿಗೆ ಅಲ್ಲಾಡುವ ಎಲೆಗಳೇ ಹೊಂದಿಕೆ ಕೆಡಿಸುತ್ತವೆ.

ತೋಟದ ಕತೆಯೂ ಇದೇ ಜಾತಿಯದು. ದಟ್ಟ ಅಡಿಕೆ ತೋಟದ ಮೇಲೆ 5.6 ಸೆಂಟಿಮೀಟರ್‌ನ ಅಲೆ ಎಲೆ-ಸೋಗೆಗೇ ತಾಗಿ ಮರಳುತ್ತದೆ, ಕೆಳಗೆ ಮೊಣಕಾಲುದ್ದ ನೀರಿದ್ದರೂ ಗೊತ್ತಾಗೋದಿಲ್ಲ. ಅಂತರ ಇರುವ ತೆಂಗಿನ ತೋಟದಲ್ಲಿ ಅಲೆ ಕೆಳಗಿಳಿದರೂ ನೀರು-ಕಾಂಡ ಸೇರಿ ಮತ್ತೆ ಕೇರಂ ಮೂಲೆ, ಅಲ್ಲಿಯೂ ಕಪ್ಪಿನ ಬದಲು ಬಿಳಿ. ಇನ್ನು ಬಯಲಿನಲ್ಲಿ ನಿಂತ ನೀರಿನ ಮೇಲೆ ಮುಂಗಾರಿನ ಗಾಳಿ ಬೀಸಿದರೆ ಸಣ್ಣ ತೆರೆಗಳೇಳುತ್ತವೆ. ಕೆಲವು ಸೆಂಟಿಮೀಟರಿನ ಆ ತೆರೆ ರಾಡಾರ್ ಅಲೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ನೀರು ನೆಲದ ಹಾಗೆ ಬೂದಾಗಿ ಕಾಣುತ್ತದೆ. ಗಾಳಿ ಜೋರಾಗಿರುವ ದಿನವೇ ನೆರೆ ಬರುವುದು ಹೆಚ್ಚು, ಏನು ಮಾಡೋದು?

‘ನೀರಿಲ್ಲ’ ಬೇರೆ, ‘ಕಾಣಲಿಲ್ಲ’ ಬೇರೆ

ಒಳ್ಳೆಯ ನಕ್ಷೆ ಮಾಡುವವರು ಈ ವ್ಯತ್ಯಾಸವನ್ನು ಮುಚ್ಚಿಡುವುದಿಲ್ಲ. ಯುರೋಪಿನ ಕೋಪರ್ನಿಕಸ್ ತುರ್ತು ಸೇವೆ 2021ರಿಂದ ‘ಗ್ಲೋಬಲ್ ಫ್ಲಡ್ ಮಾನಿಟರಿಂಗ್’ ಅನ್ನುವ ವ್ಯವಸ್ಥೆ ನಡೆಸುತ್ತಿದೆ. ಸೆಂಟಿನೆಲ್-1ರ ಚಿತ್ರ ಬಂದ ಕೂಡಲೇ ಯಂತ್ರವೇ ಅದನ್ನು ಪರಿಶೀಲಿಸುತ್ತದೆ. ಮೂರು ಬೇರೆ ಬೇರೆ ಲೆಕ್ಕದ ವಿಧಾನಗಳಿವೆ, ಬಹುಮತ ಬಂದರೆ ಅದು ನೆರೆ. ಇದರಲ್ಲಿ ನೆರೆಯ ಪದರದ ಜೊತೆ ‘ಎಕ್ಸ್‌ಕ್ಲೂಷನ್ ಮಾಸ್ಕ್’ ಅನ್ನುವ ಇನ್ನೊಂದು ಪದರವಿದೆ. ದಟ್ಟ ಗಿಡಮರ, ಪೇಟೆ, ಗುಡ್ಡದ ನೆರಳು ಹೀಗೆ ರಾಡಾರ್ ಹೇಳಲಾರದ ಜಾಗಗಳನ್ನು ಅದರಲ್ಲಿ ಗುರುತಿಸಿರುತ್ತಾರೆ. ಆ ಗುರುತಿನೊಳಗೆ ಬಿದ್ದ ಊರಿಗೆ ನಕ್ಷೆ ‘ನೆರೆ ಬಂತು’ ಅಂತಲೂ ಹೇಳುತ್ತಿಲ್ಲ, ‘ಬಂದಿಲ್ಲ’ ಅಂತಲೂ ಹೇಳುತ್ತಿಲ್ಲ.

ತೊಂದರೆ ಏನಪ್ಪಾ ಅಂದ್ರೆ, ವಾಟ್ಸ್‌ಆ್ಯಪ್‌ಗೆ ಬರುವ ಚಿತ್ರದಲ್ಲಿ ಈ ಎರಡನೇ ಪದರ ಇರುವುದೇ ಇಲ್ಲ. ಸ್ಕ್ರೀನ್‌ಶಾಟ್ ತೆಗೆದವರು ನೀಲಿ ಮಾತ್ರ ಹಿಡಿದಿರುತ್ತಾರೆ. ಹಾಗಾಗಿ ಅಂತಹ ಚಿತ್ರ ಬಂದಾಗ ನೋಡಬೇಕಾದ್ದು ಮೊದಲು ದಿನಾಂಕ ಮತ್ತು ಹೊತ್ತು, ಆಮೇಲೆ ಯಾವ ಹಳೆಯ ಚಿತ್ರದ ಜೊತೆ ಹೋಲಿಸಿದ್ದಾರೆ, ಆಮೇಲೆ ಕಾಣದ ಜಾಗವನ್ನು ಎಲ್ಲಿ ತೋರಿಸಿದ್ದಾರೆ. ಮೂರೂ ಇಲ್ಲದಿದ್ದರೆ ಅದನ್ನು ಮುಂದಕ್ಕೆ ಕಳಿಸದಿರುವುದೇ ಚೆನ್ನು.

ಆಳದ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ರಾಡಾರ್ ಹೇಳುವುದು ನೀರಿನ ಹರವು, ಆಳವಲ್ಲ. ಆಳ ಬರೆದಿರುವ ನಕ್ಷೆಗಳಲ್ಲಿ ನೀರಿನ ಅಂಚನ್ನು ನೆಲದ ಎತ್ತರದ ನಕ್ಷೆಯ ಮೇಲಿಟ್ಟು ಅಂದಾಜು ಮಾಡಿರುತ್ತಾರೆ. ಉಚಿತವಾಗಿ ಸಿಗುವ ಎತ್ತರದ ನಕ್ಷೆಯಲ್ಲಿ ತೋಟದ ಮೇಲೆ ಅಳೆದದ್ದು ನೆಲವನ್ನಲ್ಲ, ಮರದ ತಲೆಯ ಹತ್ತಿರದ ಎತ್ತರವನ್ನು. ಬಯಲಿನಲ್ಲೂ ಮೀಟರ್ ಲೆಕ್ಕದ ತಪ್ಪು ಸಹಜ. ಘಟ್ಟದ ಮೇಲೆ ಒಂದು ಮೀಟರ್ ಹೆಚ್ಚುಕಡಿಮೆ ದೊಡ್ಡದಲ್ಲ. ಹೊಳೆಬದಿಯ ಅಂಗಡಿಯಲ್ಲಿ ಒಂದು ಮೀಟರ್ ಅಂದರೆ ಕೆಳಗಿನ ಎರಡು ಹಲಗೆಯ ಸಾಮಾನು.

ನಮ್ಮ ಉಪಗ್ರಹಗಳು

ನೆಲ ನೋಡುವ ರಾಡಾರ್ ಉಪಗ್ರಹದ ಚರಿತ್ರೆ 1978ರ ಅಮೆರಿಕದ ಸೀಸ್ಯಾಟ್‌ನಿಂದ ಶುರು. ಅದು ನೂರು ಚಿಲ್ಲರೆ ದಿನ ಬದುಕಿತ್ತು. 1991ರಲ್ಲಿ ಯುರೋಪಿನ ಇಆರ್‌ಎಸ್-1, 1995ರಲ್ಲಿ ಕೆನಡಾದ ರಾಡಾರ್‌ಸ್ಯಾಟ್ ಬಂದವು. ಭಾರತವೂ ನೆರೆ ನಕ್ಷೆಗೆ ಬಹಳ ಕಾಲ ರಾಡಾರ್‌ಸ್ಯಾಟ್ ಚಿತ್ರಗಳನ್ನು ಬಳಸಿದೆ. ಇಸ್ರೋ ತನ್ನದೇ ರಿಸ್ಯಾಟ್-1 ಹಾರಿಸಿದ್ದು 2012ರ ಏಪ್ರಿಲ್ 26ರಂದು, ಅದರ ಮುಂದಿನ ಇಒಎಸ್-04 ಹಾರಿದ್ದು 2022ರ ಫೆಬ್ರವರಿ 14ರಂದು. ದೊಡ್ಡ ವಿಕೋಪ ಬಂದಾಗ ಬೇರೆ ದೇಶಗಳ ಉಪಗ್ರಹಗಳನ್ನೂ ಆ ಕಡೆ ತಿರುಗಿಸಿ ಚಿತ್ರ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, 2001ರಿಂದ ಇಸ್ರೋ ಅದರ ಸದಸ್ಯ. ಹೈದರಾಬಾದಿನ ಕೇಂದ್ರ ಮಾಡುವ ನೆರೆ ನಕ್ಷೆಗಳು ಆಯಾ ರಾಜ್ಯಗಳಿಗೆ ಹೋಗುತ್ತವೆ, ‘ಭುವನ್’ ತಾಣದಲ್ಲೂ ನೋಡಲು ಸಿಗುತ್ತವೆ.

ಈಗ ಎಲ್ಲರ ಬಾಯಲ್ಲಿರುವುದು ನಿಸಾರ್. ನಾಸಾ ಮತ್ತು ಇಸ್ರೋ ಸೇರಿ ಮಾಡಿದ ಈ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಇದರಲ್ಲಿ ಎರಡು ರಾಡಾರ್. ನಾಸಾದ್ದರ ಅಲೆ 24 ಸೆಂಟಿಮೀಟರ್, ಇಸ್ರೋದ್ದು ಹತ್ತು ಸೆಂಟಿಮೀಟರ್ ಆಸುಪಾಸು. ಉದ್ದ ಅಲೆ ಎಲೆಗಳ ನಡುವೆ ನುಸುಳಿ ಕೆಳಗಿನ ನೆಲದವರೆಗೆ ಹೋಗಬಲ್ಲದು. ತೋಟ, ಕಾಂಡ್ಲಾ ವನಗಳ ಕೆಳಗಿನ ನೀರು ಇದರಲ್ಲಿ ಚೆನ್ನಾಗಿ ಕಾಣುವ ನಿರೀಕ್ಷೆಯಿದೆ. ತೋಟಗಳೇ ಹೆಚ್ಚಿರುವ ನಮ್ಮ ಕರಾವಳಿಗೆ ಇದು ನಿಜಕ್ಕೂ ಹೊಸದು. ಆದರೆ ನಿಸಾರ್ ಕೂಡ ಅದೇ ದಾರಿಗೆ ಮರಳುವುದು 12 ದಿನಕ್ಕೊಮ್ಮೆ. ತೋಟದೊಳಗೆ ನೋಡುವ ಕಣ್ಣು ಸಿಕ್ಕಿತು, ಕೆಲವೇ ತಾಸಿನ ನೆರೆ ಹಿಡಿಯುವ ಸಮಸ್ಯೆ ಹಾಗೇ ಇದೆ.

ಗೋಡೆಯ ಮೇಲಿನ ಗೆರೆ

ಮನೆ ಹಾನಿಗೆ ಪರಿಹಾರ ಕೇಳುವಾಗ ಸ್ಥಳಕ್ಕೆ ಬಂದವರು ಮಾಡುವ ಮಹಜರೇ ಆಧಾರ. ಅಂಗಡಿ ವಿಮೆಯಾದರೆ ಸರ್ವೇಯರ್ ಬಂದು ನೋಡಬೇಕು. ಸಣ್ಣ ಅಂಗಡಿ, ಉದ್ಯಮಗಳಿಗಾಗಿ 2021ರ ಏಪ್ರಿಲ್ 1ರಿಂದ ಬಂದಿರುವ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿಯಲ್ಲಿ (5 ಕೋಟಿ ರೂಪಾಯಿವರೆಗಿನ ಆಸ್ತಿಗೆ) ನೆರೆ, ಜಲಾವೃತ ಎರಡೂ ಸೇರಿವೆ. ಒಳಗಿನ ದಾಸ್ತಾನನ್ನೂ ವಿಮೆಗೆ ಸೇರಿಸಿದ್ದೇವೆಯೇ ಅಂತ ಮಳೆಗಾಲಕ್ಕೆ ಮೊದಲೇ ಕಾಗದ ತೆಗೆದು ನೋಡಿಕೊಳ್ಳುವುದು ಒಳ್ಳೆಯದು. ಯಾರಾದರೂ ಉಪಗ್ರಹ ನಕ್ಷೆ ತೋರಿಸಿ ‘ಇಲ್ಲಿ ನೀರಿರಲಿಲ್ಲ’ ಅಂದರೆ, ಆ ಚಿತ್ರ ಎಷ್ಟು ಗಂಟೆಯದು, ಪೇಟೆ ಅದರ ಕಾಣದ ಪಟ್ಟಿಯಲ್ಲಿದೆಯೇ ಅಂತ ಕೇಳುವ ಹಕ್ಕು ಅಂಗಡಿಕಾರನಿಗಿದೆ.

ಕೇಳುವುದರ ಜೊತೆ ತೋರಿಸಲಿಕ್ಕೂ ಏನಾದರೂ ಇರಬೇಕು. ನೀರು ಏರಿದ ಮಟ್ಟಕ್ಕೆ ಗೋಡೆಯ ಮೇಲೆ ಪೇಂಟ್‌ನಲ್ಲಿ ಒಂದು ಗೆರೆ, ಪಕ್ಕದಲ್ಲಿ ದಿನಾಂಕ, ಗಂಟೆ. ಗೆರೆಯೂ ಅಂಗಡಿಯ ಬೋರ್ಡೂ ಒಟ್ಟಿಗೆ ಕಾಣುವಂತೆ ಫೋಟೋ, ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇಟ್ಟು. ಸಾಮಾನು ಎತ್ತಿಡುವ ಗಡಿಬಿಡಿಯಲ್ಲಿ ಇದೆಲ್ಲ ನೆನಪಾಗುವುದು ಕಷ್ಟ, ಆದರೂ ಬೀದಿಗೆ ಒಬ್ಬರಾದರೂ ಮಾಡಿದರೆ ಸಾಕು. ಇಂತಹ ಗೆರೆಗಳು ವಿಮೆಗೆ ಮಾತ್ರವಲ್ಲ, ನಕ್ಷೆ ಮಾಡುವವರಿಗೂ ಬೇಕು. ರಾಡಾರ್ ಲೆಕ್ಕ ಸರಿಯೋ ತಪ್ಪೋ ಅಂತ ತಾಳೆ ನೋಡಲು ನೆಲದ ಮೇಲಿನ ಇಂತಹ ಗುರುತು ಬಿಟ್ಟರೆ ಬೇರೆ ದಾರಿ ಕಡಿಮೆ. ಪಂಚಾಯಿತಿ ಮಟ್ಟದಲ್ಲಿ ಯಾರ ಮನೆಗೆ ಎಷ್ಟು ಗಂಟೆಗೆ ಎಷ್ಟು ಅಡಿ ನೀರು ಬಂತು ಅಂತ ಒಂದು ಪುಸ್ತಕ ಇಟ್ಟರೆ, ಹತ್ತು ವರ್ಷದಲ್ಲಿ ಅದು ಯಾವ ಉಪಗ್ರಹವೂ ಕೊಡಲಾರದ ದಾಖಲೆ.

ಹಳೆಯ ನೆರೆಗಳನ್ನು ನೋಡುವ ಆಸೆ ಇದ್ದವರಿಗೂ ಬಾಗಿಲು ತೆರೆದಿದೆ. ಸೆಂಟಿನೆಲ್-1ರ ಚಿತ್ರಗಳು 2014ರ ಅಕ್ಟೋಬರ್‌ನಿಂದ ಇಲ್ಲಿಯವರೆಗೆ ಕೋಪರ್ನಿಕಸ್ ತಾಣದಲ್ಲಿ ಉಚಿತ, ಬ್ರೌಸರ್‌ನಲ್ಲೇ ತೆರೆದು ನೋಡಬಹುದು. ಲೆಕ್ಕ ಹಾಕುವವರಿಗೆ ವಿಶ್ವಸಂಸ್ಥೆಯ ಯುಎನ್-ಸ್ಪೈಡರ್ ವಿಭಾಗ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ನೆರೆ ನಕ್ಷೆ ಮಾಡುವ ಕ್ರಮವನ್ನು ಹಂತ ಹಂತವಾಗಿ ಬರೆದಿಟ್ಟಿದೆ. ಕಂಪ್ಯೂಟರ್ ಬಲ್ಲ ಕಾಲೇಜು ಹುಡುಗರು ಒಂದೆರಡು ವಾರದಲ್ಲಿ ಕಲಿಯಬಹುದಾದಷ್ಟೇ ಕೆಲಸ. 2019ರ ಆಗಸ್ಟ್‌ನ, 2021ರ ಜುಲೈನ ಗಂಗಾವಳಿ, ಕಾಳಿ ದಂಡೆಗಳ ಮೇಲೆ ಹಾದುಹೋದಾಗಿನ ಚಿತ್ರಗಳೂ ಆ ಸಂಗ್ರಹದಲ್ಲೇ ಹುಡುಕಬೇಕು. ಪಕ್ಕದಲ್ಲಿ ಆ ವರ್ಷದ ಭರತ-ಇಳಿತದ ಪಟ್ಟಿ ಇಟ್ಟುಕೊಂಡು, ಗಜನಿಯ ಒಡ್ಡು ಎಲ್ಲಿದೆ ಅಂತ ಗೊತ್ತಿರುವ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ನೋಡಬೇಕು, ಅಷ್ಟೇ.